ಹೆಜಮಾಡಿಯ ಹೆಂಚಿನ ಮನೆಗೆ ಹೊಸ ಬೆಳಕು

ಹೆಜಮಾಡಿಗೆ ನೀವು ಹೋಗಿಲ್ಲದೆ ಇರಬಹುದು. ಆದರೆ ಮಂಗಳೂರಿನಿಂದ ಉಡುಪಿಗೆ ಎಂದಾದರೂ ಬಸ್ಸಿನಲ್ಲಿ ಹೋಗಿದ್ದರೆ ಹೆಜಮಾಡಿಯನ್ನು ಹಾದೇ ಹೋಗಿರುತ್ತೀರಿ. ಮೂಲ್ಕಿ ಪೇಟೆ ದಾಟಿ ಶಾಂಭವಿ ಹೊಳೆಯ ಸೇತುವೆ ಮುಗಿಯುತ್ತಲೇ ದಕ್ಷಿಣ ಕನ್ನಡ ಜಿಲ್ಲೆ ಮುಗಿದು ಉಡುಪಿ ಜಿಲ್ಲೆ ಶುರುವಾಗುತ್ತದೆ. ಅಲ್ಲಿ ಮೊದಲು ಸಿಗುವ ಊರೇ ಇದು. ಈಗಿನವರಿಗೆ ಹೆಜಮಾಡಿ ಎಂದರೆ ‘ಟೋಲ್ ಗೇಟಿನ ಊರು’, ಅಷ್ಟೇ. ಬಸ್ಸು ನಿಂತು ಹೊರಡುವಷ್ಟರಲ್ಲಿ ಕಿಟಕಿಯಿಂದ ಕಾಣುವುದು ಹೆದ್ದಾರಿಯ ಎತ್ತರದ ದೀಪದ ಕಂಬಗಳು, ಅವುಗಳ ಹಿಂದೆ ತೆಂಗಿನ ತಲೆಗಳು.

ಹೆದ್ದಾರಿ ಬಿಟ್ಟು ಪಡುವಣಕ್ಕೆ ತಿರುಗಿದರೆ ಬೇರೆಯದೇ ಊರು. ಓಣಿಯ ಎರಡೂ ಬದಿಗೆ ಕೆಂಪುಕಲ್ಲಿನ ಪಾಗಾರ, ಅಂಗಳದಲ್ಲಿ ಒಣಹಾಕಿದ ತೆಂಗಿನಕಾಯಿ, ಅಲ್ಲಲ್ಲಿ ಮಲ್ಲಿಗೆ ಗಿಡಗಳ ಸಾಲು, ಇನ್ನೂ ಮುಂದೆ ಹೋದರೆ ಬಲೆ ಹೆಣೆಯುತ್ತಾ ಕುಳಿತ ಮೊಗವೀರರು. ಕೊನೆಗೆ ಕೋಡಿ. ಒಂದು ಪಕ್ಕದಲ್ಲಿ ಕಡಲು, ಇನ್ನೊಂದು ಪಕ್ಕದಲ್ಲಿ ಹೊಳೆ, ನಡುವೆ ಮರಳಿನ ಪಟ್ಟಿ. ಸಂಜೆ ಐದೂವರೆಗೆ ಅಲ್ಲಿ ನಿಂತರೆ ನೀರಿನ ಮೇಲೆ ಎಷ್ಟು ಬೆಳಕು ಎನ್ನುತ್ತೀರಿ, ಕಣ್ಣು ಬಿಡಲಾಗುವುದಿಲ್ಲ. ಅದೇ ಬೆಳಕಿನಿಂದ ಹತ್ತು ನಿಮಿಷ ನಡೆದು ಒಂದು ಹಳೆಯ ಮನೆಯ ಚಾವಡಿಗೆ ಕಾಲಿಟ್ಟರೆ, ಒಳಗಿದ್ದವರ ಮುಖ ಕಾಣಲು ಸ್ವಲ್ಪ ಹೊತ್ತು ಬೇಕು!

ನಮ್ಮ ಕರಾವಳಿಯ ಹಳೆ ಮನೆಗಳು ಕತ್ತಲೆ ಎಂದು ಮೂಗು ಮುರಿಯುವವರು ಬಹಳ. ಕಟ್ಟಿದವರಿಗೆ ತಲೆ ಇರಲಿಲ್ಲವೆಂದಲ್ಲ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಹತ್ತಿರ ಮಳೆ ಹೊಯ್ಯುವ ಊರು. ಅದೂ ಕಡಲಿನ ಕಡೆಯಿಂದ ಅಡ್ಡಕ್ಕೆ ಬೀಸಿ ಹೊಡೆಯುವ ಮಳೆ. ಗೋಡೆ ನೆನೆಯಬಾರದೆಂದು ಮಾಡನ್ನು ತಗ್ಗಿಸಿ ಸೊಂಟದವರೆಗೆ ಇಳಿಸಿದರು. ಕಿಟಕಿ ಚಿಕ್ಕದು ಮಾಡಿದರು. ಮೇಲೆ ಮರದ ಮುಚ್ಚಿಗೆ, ಕೆಳಗೆ ಕೆಂಪು ನೆಲ. ಬೇಸಗೆಯಲ್ಲಿ ತಂಪು, ಮಳೆಗಾಲದಲ್ಲಿ ಬೆಚ್ಚಗೆ. ಮೊದಲು ಮುಳಿಹುಲ್ಲಿನ ಮಾಡು ಇತ್ತು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ನಿಧಾನವಾಗಿ ಕೆಂಪು ಹೆಂಚು ಬಂತು. ಮಾಡು ಬದಲಾಯಿತು, ಒಳಗಿನ ಮಬ್ಬು ಮಾತ್ರ ಹಾಗೆಯೇ ಉಳಿಯಿತು. ಆಗ ಬೆಳಗಿನ ಕೆಲಸವೆಲ್ಲ ಅಂಗಳದಲ್ಲಿ, ಜಗಲಿಯಲ್ಲಿ. ರಾತ್ರಿ ಎಂಟಕ್ಕೆ ಊಟ ಮುಗಿಸಿ ಮಲಗಿದರೆ ಚಿಮಣಿ ದೀಪವೇ ಧಾರಾಳ. ಈಗ ಹಾಗಲ್ಲವಲ್ಲ.

ಈ ಸಲ ನಾನು ಹೆಜಮಾಡಿಗೆ ಹೋದದ್ದು ನನ್ನ ಸೋದರತ್ತೆಯನ್ನು ನೋಡಿ ಬರಲಿಕ್ಕೆ. ಅತ್ತೆಗೆ ಎಪ್ಪತ್ತೆಂಟು ವರ್ಷ. ಹಿಂದಿನ ಮಳೆಗಾಲದಲ್ಲಿ ಒಂದು ರಾತ್ರಿ ಚಾವಡಿಯಿಂದ ಅಡುಗೆ ಮನೆಗೆ ಇಳಿಯುವ ಮೆಟ್ಟಿಲು ಕಾಣದೆ ಬಿದ್ದಿದ್ದರು. ದೇವರ ದಯೆ, ಮೂಳೆ ಮುರಿಯಲಿಲ್ಲ, ಕೈ ಉಳುಕಿತಷ್ಟೆ. ಆದರೆ ಸುದ್ದಿ ಮುಂಬಯಿಗೆ ಮುಟ್ಟಿತು. ಈ ಕಡೆಯ ಊರುಗಳಲ್ಲಿ ಮುಂಬಯಿಯಲ್ಲಿ ಒಬ್ಬ ಮಗನಿಲ್ಲದ ಮನೆ ಹುಡುಕಿದರೂ ಸಿಗುವುದು ಕಷ್ಟ. ದೊಡ್ಡ ಭಾವ ಫೋನಿನಲ್ಲೇ ತೀರ್ಮಾನ ಮಾಡಿಬಿಟ್ಟರು. “ಆ ಕತ್ತಲೆ ಗುಂಡಿಯಲ್ಲಿ ಅಮ್ಮ ಇನ್ನು ಇರುವುದು ಬೇಡ. ಮೇ ತಿಂಗಳಲ್ಲಿ ಬರುತ್ತೇನೆ, ಹೋಗುವಾಗ ಕರೆದುಕೊಂಡು ಹೋಗುತ್ತೇನೆ. ಮನೆಯನ್ನು ಆಮೇಲೆ ನೋಡುವ.” ಮನೆಯನ್ನು ಆಮೇಲೆ ನೋಡುವುದು ಎಂದರೆ ಏನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬೀಗ, ಆಮೇಲೆ ಗೆದ್ದಲು, ಆಮೇಲೆ ಜೆಸಿಬಿ.

ಅತ್ತೆಗೆ ಹೋಗಲು ಮನಸ್ಸಿಲ್ಲ. “ಏಳನೇ ಮಾಳಿಗೆಯಲ್ಲಿ ತುಳಸಿಗೆ ನೀರು ಹಾಕಿದರೆ ಅದು ಯಾರ ತಲೆಗೆ ಬೀಳುವುದೋ” ಎಂದು ನಗುತ್ತಾರೆ. ಆದರೆ ಆ ನಗುವಿನಲ್ಲಿ ಧೈರ್ಯ ಇರಲಿಲ್ಲ. ಮನೆಯಲ್ಲಿ ಅವರ ಜತೆಗಿರುವುದು ಚಿಕ್ಕ ಮಗ ಮತ್ತು ಸೊಸೆ. ಆ ಸೊಸೆ, ನನ್ನ ಅತ್ತಿಗೆ, ಭಾವನ ಮಾತಿಗೆ ಎದುರಾಡಲಿಲ್ಲ. ಮನೆಯ ಕತ್ತಲೆಯನ್ನೇ ಓಡಿಸುವ ಎಂದು ಹೊರಟರು. ಅವರು ಮಾಡಿದ್ದನ್ನು ನೋಡಿ ಬಂದ ಮೇಲೆ, ನಮ್ಮ ಪುಟಗಳಲ್ಲಿ ಇದನ್ನು ಬರೆಯಲೇಬೇಕು ಅನ್ನಿಸಿತು. ಹೆಂಚಿನ ಮನೆಯಿರಲಿ, ತಾರಸಿ ಮನೆಯಿರಲಿ, ಬೆಳಕಿನ ಲೆಕ್ಕ ಎಲ್ಲ ಕಡೆಯೂ ಒಂದೇ.

ದುಡ್ಡು ಎಲ್ಲಿಂದ ಎನ್ನುತ್ತೀರಾ? ಮಲ್ಲಿಗೆಯಿಂದ. ಶಂಕರಪುರದ ಮಲ್ಲಿಗೆಯ ಹೆಸರು ಕೇಳದವರಿಲ್ಲ. ಆ ಮಲ್ಲಿಗೆಯನ್ನು ಕಾಪು, ಪಡುಬಿದ್ರಿ ಕಡೆಯ ಎಷ್ಟೋ ಮನೆಯ ಹೆಂಗಸರು ಅಂಗಳದಲ್ಲೇ ಬೆಳೆದು, ಬೆಳಗ್ಗೆ ಬಾಳೆನಾರಿನಲ್ಲಿ ಕಟ್ಟಿ ಕಳಿಸುತ್ತಾರೆ. ಎಂಟುನೂರು ಮೊಗ್ಗು ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ದಿನದಿನವೂ ಬದಲು. ಮದುವೆ, ಹಬ್ಬದ ದಿನಗಳಲ್ಲಿ ಆಕಾಶದಲ್ಲಿ, ಉಳಿದ ದಿನ ನೆಲದಲ್ಲಿ. ಅತ್ತಿಗೆಯ ಗಿಡಗಳು ಹೆಚ್ಚೇನಿಲ್ಲ, ಆದರೂ ಒಂದು ಮದುವೆ ಹಂಗಾಮಿನ ದುಡ್ಡು ಡಬ್ಬಿಯಲ್ಲಿತ್ತು. ಸುಮಾರು ಏಳು ಸಾವಿರ. “ಇದರಲ್ಲಿ ಆದಷ್ಟು, ಆಗದಿದ್ದದ್ದು ಮುಂದಿನ ವರ್ಷಕ್ಕೆ” ಎಂದು ಅವರ ಲೆಕ್ಕ.

ಅವರು ಮೊದಲು ಅಂಗಡಿಗೆ ಹೋಗಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ನಾವೆಲ್ಲ ಮಾಡುವುದು ತಿರುಗುಮುರುಗು. ಅಂಗಡಿಯಲ್ಲಿ ಜಗಮಗಿಸುವ ತೂಗುಗೊಂಚಲು ನೋಡಿ, ತಂದು, ಆಮೇಲೆ ಎಲ್ಲಿ ತೂಗು ಹಾಕುವುದೆಂದು ಯೋಚಿಸುತ್ತೇವೆ. ಅತ್ತಿಗೆ ಮಕ್ಕಳ ಹಳೇ ನೋಟ್‌ಬುಕ್ಕು ಹಿಡಿದು ಎರಡು ಸಂಜೆ ಮನೆಯೊಳಗೆ ಓಡಾಡಿದರು. ಕೈ ಎಲ್ಲಿ ಕೆಲಸ ಮಾಡುತ್ತದೆ, ಕಾಲು ಎಲ್ಲಿ ಹತ್ತಿ ಇಳಿಯುತ್ತದೆ, ಕಣ್ಣು ಎಲ್ಲಿ ಓದುತ್ತದೆ ಎಂದು ಮೂರು ಪಟ್ಟಿ. ಮೆಟ್ಟುಕತ್ತಿಯ ಜಾಗ, ಕಡೆಯುವ ಕಲ್ಲು, ಒಲೆಯ ಬದಿ, ಬಾವಿಕಟ್ಟೆ, ಬಚ್ಚಲಿಗೆ ಹೋಗುವ ದಾರಿ, ಮೂರು ಮೆಟ್ಟಿಲು, ಮಗಳು ಓದುವ ಮೇಜು, ಅತ್ತೆ ಪೇಪರು ಓದುವ ಜಗಲಿಯ ಮೂಲೆ. ಒಟ್ಟು ಎಂಟು ಜಾಗ. ಅವುಗಳಲ್ಲಿ ಬೆಳಕಿದ್ದದ್ದು ಎರಡರಲ್ಲಿ. ಇರುವ ಟ್ಯೂಬ್‌ಲೈಟುಗಳೆಲ್ಲ ಹಿಂದೊಮ್ಮೆ ಕರೆಂಟು ಬಂದಾಗ ಎಲೆಕ್ಟ್ರಿಷಿಯನ್ನಿಗೆ ಮೊಳೆ ಹೊಡೆಯಲು ಸುಲಭವಾದ ಕಡೆ ಬಿದ್ದವು!

ಮೊದಲ ಸುಧಾರಣೆಗೆ ಒಂದು ಪೈಸೆಯೂ ಖರ್ಚಾಗಲಿಲ್ಲ. ಅತ್ತೆ ಬಿದ್ದ ಮೆಟ್ಟಿಲನ್ನು ಹಗಲಿನಲ್ಲಿ ಕೂತು ನೋಡಿದಾಗ ಗೊತ್ತಾದದ್ದು ಏನೆಂದರೆ, ಮೇಲಿನ ನೆಲವೂ ಕೆಂಪು, ಕೆಳಗಿನ ನೆಲವೂ ಕೆಂಪು. ಮಬ್ಬಿನಲ್ಲಿ ಎರಡೂ ಒಂದೇ ಮಟ್ಟದಂತೆ ಕಾಣುತ್ತವೆ, ಅಂಚೇ ತೋರುವುದಿಲ್ಲ. ಅತ್ತಿಗೆ ಸೇಡಿ ಕಲಸಿ ಮೂರು ಮೆಟ್ಟಿಲಿನ ಅಂಚಿಗೂ ಎರಡು ಬೆರಳಗಲ ಬಿಳಿ ಗೆರೆ ಎಳೆದರು. ಹಬ್ಬಕ್ಕೆ ಹೊಸ್ತಿಲಿಗೆ, ತುಳಸಿಕಟ್ಟೆಗೆ ಸೇಡಿ ಹಾಕುವುದು ನಮಗೆ ಹೊಸದಲ್ಲ. ಅದೇ ಸೇಡಿ ಇಲ್ಲಿ ಕಾಲಿಗೆ ಕಣ್ಣಾಯಿತು. ಗೆರೆಯ ಕೆಳಗೆ ಮಗಳು ಒಂದು ಸಾಲು ಚುಕ್ಕಿ ಹೂವು ಬರೆದಿದ್ದಾಳೆ. ಕೆಂಪು ನೆಲದ ಮೇಲೆ ಅದು ಕಾಣುವ ಚೆಂದಕ್ಕೆ ಯಾವ ಕಾರ್ಪೆಟ್ಟೂ ಸಾಟಿಯಲ್ಲ. ಮಳೆಗಾಲದಲ್ಲಿ ಅಳಿಸಿ ಹೋಗುತ್ತದೆ ಎಂದು ಈಗ ಅದರ ಮೇಲೆಯೇ ಬಿಳಿ ಪೇಂಟಿನ ಗೆರೆ ಎಳೆಸಿದ್ದಾರೆ. ಚುಕ್ಕಿ ಮಾತ್ರ ಸೇಡಿಯದೇ.

ಎರಡನೆಯದು ಕಣ್ಣಿಗೆ ಕಾಣುವ ಅಲಂಕಾರವೇ ಅಲ್ಲ, ಆದರೆ ಹೆಚ್ಚು ದುಡ್ಡು ಹೋದದ್ದು ಅದಕ್ಕೇ. ಹಳೆಯ ಮರದ ರೀಪಿನ ಮೇಲೆ ಹಾಯಿಸಿದ ವೈರಿಂಗು. ಕಡಲ ಬದಿಯ ಉಪ್ಪುಗಾಳಿ ಸ್ವಿಚ್ಚಿನ ಒಳಗಿನ ತಗಡನ್ನೂ ಬಿಡುವುದಿಲ್ಲ. ಹಸಿರು ಕಿಲುಬು ಹಿಡಿದು, ಹಾಕಿದಾಗಲೆಲ್ಲ ಚಟಪಟ ಕಿಡಿ. ಜೂನ್-ಜುಲೈಯಲ್ಲಿ ಗೋಡೆ ಮುಟ್ಟಿದರೆ ಜುಮ್ ಎನ್ನುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಅಂಥ ಮನೆಗೆ ಹೊಸ ದೀಪ ಹಾಕುವುದೆಂದರೆ ಹರಿದ ಸೀರೆಗೆ ಜರಿ ಅಂಚು ಕಟ್ಟಿದ ಹಾಗೆ. ಪರವಾನಗಿ ಇರುವ ಎಲೆಕ್ಟ್ರಿಷಿಯನ್ನನ್ನೇ ಕರೆಸಿ, ಅರ್ಥಿಂಗ್ ನೋಡಿಸಿ, ಮೇನ್ ಬೋರ್ಡಿನ ಹತ್ತಿರ ಶಾಕ್ ತಡೆಯುವ ಸ್ವಿಚ್ಚು ಕೂರಿಸಿದರು. ಇದನ್ನು ಸಾಮಾನ್ಯವಾಗಿ ಇಎಲ್‌ಸಿಬಿ ಎನ್ನುತ್ತಾರೆ. ಅಂಗಡಿಯಲ್ಲಿ ಈಗ ಸಿಗುವುದರ ಮೇಲೆ ಆರ್‌ಸಿಸಿಬಿ ಎಂದು ಬರೆದಿರುತ್ತದೆ. ಕೊಳ್ಳುವಾಗ 30 ಮಿಲಿ ಆಂಪಿಯರ್ ಎಂದು ಇದೆಯೇ ನೋಡಿಕೊಳ್ಳಿ. ಕರೆಂಟು ಮೈಯ ಮೂಲಕವೋ ಒದ್ದೆ ಗೋಡೆಯ ಮೂಲಕವೋ ನೆಲಕ್ಕೆ ಸೋರಲು ಹೊರಟ ಕೂಡಲೇ ಇದು ತಾನಾಗಿ ಬೀಳುತ್ತದೆ. ಅದರ ಮೇಲೊಂದು ಪರೀಕ್ಷೆಯ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ, ಸ್ವಿಚ್ಚು ಬೀಳುತ್ತದೋ ಇಲ್ಲವೋ ನೋಡಬೇಕು. ಬೀಳದಿದ್ದರೆ ಅದು ಬರೀ ಪೆಟ್ಟಿಗೆ.

ಇನ್ನು ಹಗಲಿನ ಬೆಳಕು. ಗಾಜಿನ ಹೆಂಚು ನಮ್ಮ ಕಡೆ ಎಲ್ಲರಿಗೂ ಗೊತ್ತು, ಮಾಡಿನಲ್ಲಿ ಒಂದೋ ಎರಡೋ ಇದ್ದೇ ಇರುತ್ತದೆ. ಆದರೆ ಅದನ್ನು ತೊಳೆದವರು ಯಾರು? ಅತ್ತೆಯ ಅಡುಗೆ ಮನೆಯ ಗಾಜಿನ ಹೆಂಚು ಒಳಗಿನ ಹೊಗೆ, ಹೊರಗಿನ ಪಾಚಿ ಎರಡೂ ಸೇರಿ ಮಣ್ಣಿನ ಹೆಂಚಿಗಿಂತ ಕಪ್ಪಾಗಿತ್ತು. ಮಳೆಗಾಲಕ್ಕೆ ಮೊದಲು ಹೆಂಚು ಸರಿಮಾಡಲು ಆಳು ಮಾಡಿಗೆ ಹತ್ತಿದಾಗ ಅದನ್ನು ಇಳಿಸಿ ಸೋಪಿನ ನೀರಿನಲ್ಲಿ ತಿಕ್ಕಿ ಮತ್ತೆ ಇಟ್ಟರು. ಜತೆಗೆ ಹೊಸದು ಮೂರು ತಂದು, ಒಂದನ್ನು ಮೆಟ್ಟುಕತ್ತಿಯ ಜಾಗದ ಮೇಲೆ, ಒಂದನ್ನು ಓಣಿಯಂಥ ನಡುಕೋಣೆಯ ಮೇಲೆ, ಒಂದನ್ನು ಬಚ್ಚಲಿನ ಮೇಲೆ ಹಾಕಿಸಿದರು. ಸಾಧ್ಯವಾದಷ್ಟು ಮೂಡಣ ಅಥವಾ ಬಡಗಣ ಇಳಿಜಾರಿಗೆ ಹಾಕಿಸಿ. ಪಡುವಣಕ್ಕೆ ಹಾಕಿದರೆ ಮಾರ್ಚ್ ತಿಂಗಳ ಮಧ್ಯಾಹ್ನ ಅಡುಗೆ ಮನೆಯಲ್ಲಿ ನಿಲ್ಲಲಾಗುವುದಿಲ್ಲ. ಮುಚ್ಚಿಗೆ ಇರುವ ಕೋಣೆಗೆ ಈ ಉಪಾಯ ನಡೆಯದು, ಮಾಡು ನೇರ ಕಾಣುವ ಕಡೆ ಮಾತ್ರ. “ಹುಣ್ಣಿಮೆಯ ದಿನ ಬಚ್ಚಲಿಗೆ ಸ್ವಿಚ್ಚೇ ಬೇಡ ಮಗಾ” ಎಂದು ಅತ್ತೆ ನನಗೆ ಕರೆದು ತೋರಿಸಿದರು.

ಬೆಳಕು ಬಂದರೆ ಸಾಲದು, ಅದು ಗೋಡೆಗೆ ತಾಗಿ ತಿರುಗಿ ಬರಬೇಕು. ಹೊಗೆ ಹಿಡಿದ ಗೋಡೆ ಬಂದ ಬೆಳಕನ್ನೆಲ್ಲ ನುಂಗುತ್ತದೆ. ಅಡುಗೆ ಮನೆ ಮತ್ತು ನಡುಕೋಣೆಗೆ ಎರಡು ಕೈ ಸುಣ್ಣ ಹೊಡೆಸಿದರು. ದುಬಾರಿ ಬಣ್ಣ ಬೇಡ. ಚಿಪ್ಪಿನ ಸುಣ್ಣದ ಬಿಳುಪಿಗೆ ಕಣ್ಣಿಗೆ ಚುಚ್ಚುವ ಹೊಳಪಿಲ್ಲ, ಕೆಂಪುಕಲ್ಲಿನ ಗೋಡೆಗೆ ಉಸಿರಾಡಲೂ ಬಿಡುತ್ತದೆ. ಮರದ ಮುಚ್ಚಿಗೆಗೆ ಮಾತ್ರ ಕೈ ಹಚ್ಚಲಿಲ್ಲ. ಹಲಸಿನ ಹಲಗೆಗೆ ಬಿಳಿ ಪೇಂಟು ಬಳಿದ ಮನೆಗಳನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ.

ಅಡುಗೆ ಮನೆಯ ದೀಪದ ವಿಷಯ ಎಲ್ಲ ಗೃಹಿಣಿಯರಿಗೂ ಸಂಬಂಧಿಸಿದ್ದು. ಕೋಣೆಯ ನಡುವಿನಲ್ಲಿ, ನಮ್ಮ ಬೆನ್ನ ಹಿಂದೆ ಟ್ಯೂಬ್‌ಲೈಟು ಇರುತ್ತದೆ. ನಾವು ಒಲೆಯ ಕಡೆ ತಿರುಗಿ ನಿಂತರೆ ನಮ್ಮ ನೆರಳೇ ಪಾತ್ರೆಯ ಮೇಲೆ. ಮೀನು ಕೊಯ್ಯುವಾಗ, ಅಕ್ಕಿ ಆರಿಸುವಾಗ ನಾವು ನಮ್ಮದೇ ನೆರಳಿನಲ್ಲಿ ಕೂತಿರುತ್ತೇವೆ. ಆಮೇಲೆ ಕಣ್ಣು ನೋವು, ತಲೆನೋವು. ಅತ್ತಿಗೆ ಹಳೆ ಟ್ಯೂಬನ್ನು ತೆಗೆದು, 20 ವಾಟಿನ ಎಲ್‌ಇಡಿ ಪಟ್ಟಿಯನ್ನು ಒಲೆಯ ಎದುರಿನ ಗೋಡೆಗೆ, ತಲೆಗಿಂತ ಒಂದು ಮೊಳ ಮೇಲೆ ಹಾಕಿಸಿದರು. ನೆರಳು ಈಗ ಬೆನ್ನ ಹಿಂದೆ. ಒಗ್ಗರಣೆಯಲ್ಲಿ ಸಾಸಿವೆ ಸಿಡಿಯುವುದು ಕಾಣುತ್ತದೆ, ಮೀನಿನ ಮುಳ್ಳು ಕಾಣುತ್ತದೆ. ಜಾಗ ಬದಲಿಸಿದ್ದರಿಂದ ಬಂದ ಲಾಭ ಇದು, ದೀಪ ಬದಲಿಸಿದ್ದರಿಂದ ಅಲ್ಲ. ನಿಮ್ಮ ಹಳೆ ಟ್ಯೂಬ್‌ಲೈಟನ್ನೇ ಈ ಕಡೆಯ ಗೋಡೆಗೆ ಹಾಕಿಸಿದರೂ ಅರ್ಧ ಕೆಲಸ ಆಯಿತು.

ಕರೆಂಟಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಹಿಂದಿನ 60 ವಾಟಿನ ಬುರುಡೆ ಬಲ್ಬು ಕೊಡುತ್ತಿದ್ದಷ್ಟೇ ಬೆಳಕನ್ನು ಈಗಿನ 9 ವಾಟಿನ ಎಲ್‌ಇಡಿ ಕೊಡುತ್ತದೆ. ದಿನಕ್ಕೆ ಐದು ಗಂಟೆ ಉರಿಸಿದರೆ ಮೊದಲನೆಯದಕ್ಕೆ ತಿಂಗಳಿಗೆ 9 ಯೂನಿಟ್, ಎರಡನೆಯದಕ್ಕೆ ಒಂದೂ ಕಾಲು ಯೂನಿಟಿಗಿಂತ ತುಸು ಹೆಚ್ಚು. ಒಂದು ಕಾಲದಲ್ಲಿ ಭಾಗ್ಯಜ್ಯೋತಿ ಯೋಜನೆಯಲ್ಲಿ ಬಡವರ ಮನೆಗೆ ಒಂದೇ ಒಂದು ಬಲ್ಬು ಕೊಡುತ್ತಿದ್ದರು, ನೆನಪಿದೆಯೇ? ಆ ಒಂದು ಬಲ್ಬಿನ ಕರೆಂಟಿನಲ್ಲಿ ಇಂದು ನಾಲ್ಕು ಜಾಗಕ್ಕೆ ಬೆಳಕು ಮಾಡಬಹುದು. 2023ರಿಂದ ಗೃಹಜ್ಯೋತಿ ಬಂದ ಮೇಲೆ “ಹೇಗೂ ಫ್ರೀ, ಯಾವ ಬಲ್ಬಾದರೇನು” ಎನ್ನುವವರಿದ್ದಾರೆ. ಫ್ರೀ ಇರುವುದು ನಿಮ್ಮ ಮನೆಗೆ ಗೊತ್ತುಮಾಡಿದಷ್ಟು ಯೂನಿಟ್ಟಿಗೆ. ಅದನ್ನು ದಾಟಿದ್ದಕ್ಕೆ ಹಣ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲೇ ನಮ್ಮದು.

ಹೊಸ ಬಲ್ಬು ಕೊಳ್ಳುವಾಗ ಡಬ್ಬಿಯ ಮೇಲೆ ವಾಟ್ ಒಂದನ್ನೇ ನೋಡಬೇಡಿ, ಬೆಳಕಿನ ಬಣ್ಣವನ್ನೂ ನೋಡಿ. 6500 ಎಂದಿದ್ದರೆ ಹಾಲುಬಿಳಿ, 2700 ಅಥವಾ 3000 ಎಂದಿದ್ದರೆ ದೀಪದ ಎಣ್ಣೆಯ ಹಾಗೆ ಹೊಂಬಣ್ಣ. ಅಡುಗೆಗೆ, ಓದಿಗೆ ಬಿಳಿ. ಚಾವಡಿಗೆ, ದೇವರ ಕೋಣೆಗೆ, ಮಲಗುವ ಕೋಣೆಗೆ ಹೊಂಬಣ್ಣ. ಇದರ ಗುಟ್ಟು ಗೊತ್ತಾಗಬೇಕಾದರೆ ಯಕ್ಷಗಾನ ನೋಡಿದವರನ್ನು ಕೇಳಿ. ದೊಂದಿಯ ಬೆಳಕಿನಲ್ಲಿ, ಆಮೇಲೆ ಗ್ಯಾಸ್‌ಲೈಟಿನಲ್ಲಿ ಬಂದ ವೇಷದ ಕೆಂಪು, ಕಿರೀಟದ ಚಿನ್ನದ ಬಣ್ಣ, ಬಣ್ಣದ ವೇಷದ ಮುಖ ಇವೆಲ್ಲ ಮೈದುಂಬಿ ನಿಲ್ಲುತ್ತಿದ್ದವು. ಟ್ಯೂಬ್‌ಲೈಟು ಸಾಲಾಗಿ ಬಂದ ಮೇಲೆ ಅದೇ ವೇಷ ಬಿಳಿಚಿಕೊಂಡಿತು ಎಂದು ಹಿರಿಯರು ಹೇಳುವುದನ್ನು ಕೇಳಿದ್ದೇವೆ. ಈಗಲೂ ಆಗಾಗ ದೊಂದಿ ಬೆಳಕಿನ ಆಟ ಎಂದೇ ಪ್ರಚಾರ ಮಾಡಿ ಆಡಿಸುತ್ತಾರೆ, ಜನ ಹುಡುಕಿಕೊಂಡು ಹೋಗುತ್ತಾರೆ. ನಮ್ಮ ಚಾವಡಿಯ ಕೆಂಪು ನೆಲ, ಹಲಸಿನ ಕಂಬ, ಹಿತ್ತಾಳೆಯ ಪಾತ್ರೆಗಳೂ ಅದೇ ಜಾತಿಯವು. ಹಾಲುಬಿಳಿಯಲ್ಲಿ ಸತ್ತ ಹಾಗೆ ಕಾಣುತ್ತವೆ, ಹೊಂಬಣ್ಣದಲ್ಲಿ ಜೀವ ಬರುತ್ತದೆ.

ಅತ್ತೆಯ ಚಾವಡಿಯ ನಡುವೆ ಒಂದು ಹಿತ್ತಾಳೆಯ ತೂಗುದೀಪವಿದೆ, ಸರಪಣಿಯ ನಡುವೆ ಒಂದು ಹಕ್ಕಿ. ಕಪ್ಪಾಗಿ, ಎಣ್ಣೆಜಿಡ್ಡು ಹಿಡಿದು, ಜೇಡರ ಬಲೆಯೊಳಗೆ ಇತ್ತು. ಗುಜರಿಯವನು ಎರಡು ಸಲ ಬಂದು ತೂಕದ ಲೆಕ್ಕದಲ್ಲಿ ಕೇಳಿದ್ದನಂತೆ. ಅದನ್ನು ಮಾರಿ ಒಂದು ಒಳ್ಳೇ ಪ್ಲಾಸ್ಟಿಕ್ ಗೊಂಚಲು ತರುವ ಎಂದು ಮನೆಯಲ್ಲೇ ಒಬ್ಬರು (ಹೆಸರು ಹೇಳುವುದಿಲ್ಲ, ಗಂಡಸರು) ಸೂಚನೆ ಕೊಟ್ಟಿದ್ದರು. ಸೋದರಿಯರೇ, ಹಾಗೆ ಮಾರಿದ ದೀಪಗಳು ಎಲ್ಲಿಗೆ ಹೋಗುತ್ತವೆ? ಪಟ್ಟಣದ ಅಂಗಡಿಯಲ್ಲಿ ‘ಪುರಾತನ’ ಎಂಬ ಚೀಟಿ ಹಚ್ಚಿಕೊಂಡು ಹತ್ತುಪಟ್ಟು ಬೆಲೆಗೆ ನಿಲ್ಲುತ್ತವೆ. ಬಿಡುವಾದಾಗ ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನು ಒಮ್ಮೆ ನೋಡಿ ಬನ್ನಿ. ಬ್ಯಾಂಕಿನ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈಯವರು, ಜನ ಕೆಡವಲು ಹೊರಟ ಹಳೆ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದರು. 2017ರಲ್ಲಿ ತೀರಿಕೊಳ್ಳುವವರೆಗೂ ಅದೇ ಧ್ಯಾನ. ಇಲ್ಲೇ ಹತ್ತಿರದ ಕುಂಜೂರಿನ ಚೌಕಿ ಮನೆಯೂ ಅಲ್ಲಿದೆ. ನಡು ಅಂಗಳದಿಂದ ಇಳಿಯುವ ಬೆಳಕು ಸುತ್ತಲಿನ ಕಂಬಗಳನ್ನು ಹೇಗೆ ತೋರಿಸುತ್ತದೆ ನೋಡಿ, ಅಲಂಕಾರದ ಪಾಠ ಅದೊಂದೇ ಸಾಕು. ಟಿಕೆಟು ತೆಗೆದು ನಾವು ಬೇರೆಯವರ ತೂಗುದೀಪ ನೋಡುತ್ತೇವೆ, ನಮ್ಮದನ್ನು ಗುಜರಿಗೆ ಹಾಕುತ್ತೇವೆ!

ತೂಗುದೀಪವನ್ನು ಇಳಿಸಿ ತೊಳೆದದ್ದು ಬಿಂಬುಳಿಯಿಂದ. ಹಿತ್ತಿಲಲ್ಲಿ ಗೊಂಚಲು ಗೊಂಚಲಾಗಿ ಬಿದ್ದು ಕೊಳೆಯುವ ಬಿಂಬುಳಿಯನ್ನು ಜಜ್ಜಿ, ಚಿಟಿಕೆ ಉಪ್ಪು ಹಾಕಿ, ತೆಂಗಿನ ನಾರಿನಲ್ಲಿ ತಿಕ್ಕಿದರೆ ಹುಣಸೆಹುಳಿಗಿಂತ ಬೇಗ ಕಿಲುಬು ಬಿಡುತ್ತದೆ. ಅದರಲ್ಲಿರುವ ಆಕ್ಸಾಲಿಕ್ ಆಮ್ಲದ ಗುಣ. ಆದರೆ ಹುಳಿಯನ್ನು ಹಿತ್ತಾಳೆಯ ಮೇಲೆ ಬಿಟ್ಟು ಹೋಗಬಾರದು. ಕೂಡಲೇ ಸೀಗೆ ನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಬಟ್ಟೆಯಲ್ಲಿ ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಬೇಕು. ಉಪ್ಪುಗಾಳಿಗೆ ಅದೇ ಕವಚ. ದೀಪವನ್ನು ಕೊರೆದು ಬಲ್ಬು ಕೂರಿಸಬೇಡಿ, ಕೆಲವರು ಹಾಗೆ ಮಾಡಿ ಕೆಡಿಸುತ್ತಾರೆ. ಅತ್ತಿಗೆ ತೂಗುದೀಪದಿಂದ ದೂರಕ್ಕೆ, ಕಂಬದ ಮರೆಗೆ ಒಂದು ಹೊಂಬಣ್ಣದ ಬಲ್ಬು ಹಾಕಿಸಿ ಅದರ ಬೆಳಕು ಹಿತ್ತಾಳೆಯ ಮೇಲೆ ಬೀಳುವ ಹಾಗೆ ಮಾಡಿದ್ದಾರೆ. ಸಂಜೆ ಬತ್ತಿ ಹಚ್ಚುವುದು ಅತ್ತೆಯ ಪಾಲಿಗೇ ಉಳಿಯಿತು.

ಬರೀ ಬಲ್ಬು ಕಣ್ಣಿಗೆ ಹೊಡೆಯಬಾರದು. ವಯಸ್ಸಾದವರಿಗಂತೂ ಇದು ಮುಖ್ಯ. ಇಪ್ಪತ್ತು ವರ್ಷದವರ ಕಣ್ಣಿಗೆ ಸಾಕಾಗುವ ಬೆಳಕಿನ ಎರಡು ಮೂರು ಪಟ್ಟು ಅರವತ್ತು ದಾಟಿದವರಿಗೆ ಬೇಕು. ಆದರೆ ಪೊರೆ ಬರುತ್ತಿರುವ ಕಣ್ಣಿಗೆ ನೇರ ಬಲ್ಬು ಸೂಜಿ ಚುಚ್ಚಿದ ಹಾಗೆ. ಹೆಚ್ಚು ಬೆಳಕು ಬೇಕು, ಬಲ್ಬು ಕಾಣಬಾರದು. ಇದಕ್ಕೆ ಅತ್ತಿಗೆ ಅಟ್ಟ ಹತ್ತಿದರು. ಅಂಚು ಬಿಟ್ಟ ಹಳೆ ಗೆರಸೆಯೊಂದನ್ನು ಗೋಡೆಯ ಬಲ್ಬಿನ ಮುಂದೆ ಗೇಣುದೂರ ಬಿಟ್ಟು ಕಟ್ಟಿದರು. ಬಿದಿರಿನ ಸೀಳುಗಳ ನಡುವಿನಿಂದ ಗೋಡೆಯ ಮೇಲೆ ನೆರಳಿನ ನೇಯ್ಗೆ ಬೀಳುತ್ತದೆ. ಜಗಲಿಯ ಬಲ್ಬಿಗೆ ತಳ ಹೋದ ಬೆತ್ತದ ಬುಟ್ಟಿ ಕವುಚಿದ ಮರೆ. ನಯವಾಗಿ ಉಜ್ಜಿದ ಗೆರಟೆಗೆ ತೂತು ಕೊರೆದು ಮಾಡಿದ ಚಿಕ್ಕ ಮರೆ ಮಗಳ ಕೋಣೆಗೆ. ಒಂದು ಎಚ್ಚರ, ಎಲ್‌ಇಡಿ ಹಳೆ ಬಲ್ಬಿನಷ್ಟು ಕಾಯುವುದಿಲ್ಲ ನಿಜ, ಆದರೂ ಅದರ ಬುಡ ಬಿಸಿಯಾಗುತ್ತದೆ. ಬುಟ್ಟಿಯಾಗಲಿ ಬಟ್ಟೆಯಾಗಲಿ ತಾಗಬಾರದು, ಗಾಳಿ ಆಡಬೇಕು. ಕಬ್ಬಿಣದ ಮರೆ, ಕಬ್ಬಿಣದ ಸರಪಣಿ ಕಡಲ ಬದಿಗೆ ಬೇಡವೇ ಬೇಡ. ಬಂಗಾರದ ಬಣ್ಣ ಬಳಿದದ್ದು ಎರಡು ಮಳೆಗಾಲಕ್ಕೆ ತುಕ್ಕು. ಪಿಂಗಾಣಿ, ಹಿತ್ತಾಳೆ, ಬಿದಿರು, ಮರ ನಮ್ಮ ಗಾಳಿಗೆ ಹೊಂದುತ್ತವೆ.

ಕಿಟಕಿಯ ದಪ್ಪ ಪಾಲಿಯೆಸ್ಟರ್ ಪರದೆಗಳನ್ನೂ ಕಿತ್ತರು, ಇದ್ದ ಬೆಳಕನ್ನು ತಡೆದದ್ದು ಅವೇ. ಅತ್ತೆಯ ಹಳೆಯ ಉಡುಪಿ ಸೀರೆಗಳು ಪೆಟ್ಟಿಗೆಯಲ್ಲಿದ್ದವು. ತಾಳಿಪಾಡಿಯ ನೇಕಾರರ ಸಂಘದ ಕೈಮಗ್ಗದ್ದು, ಕಿನ್ನಿಗೋಳಿಯಿಂದ ತಂದದ್ದು. ನೂಲು ಸವೆದು ಮೃದುವಾಗಿ ಉಡಲು ಬಾರದಂತಾಗಿತ್ತು. ಅದರ ಒಡಲಿನಿಂದ ನಾಲ್ಕು ಕಿಟಕಿಗೆ ಪರದೆಯಾಯಿತು, ಅಂಚು ಕೆಳಗೆ ಬರುವ ಹಾಗೆ ಹೊಲಿದರು. ಬೆಳಕನ್ನು ಸೋಸಿ ಬಿಡುತ್ತವೆ. ಉಳಿದ ಸೆರಗು ಮಕ್ಕಳ ಮೇಜಿನ ಹಾಸು.

ರಾತ್ರಿ ಅತ್ತೆ ಬಚ್ಚಲಿಗೆ ಹೋಗುವ ದಾರಿಗೆ ಓಡಾಟ ಕಂಡಾಗ ತಾನೇ ಹೊತ್ತಿಕೊಳ್ಳುವ ಬಲ್ಬೊಂದನ್ನು ಹಾಕಿದ್ದಾರೆ. ಸಾಮಾನ್ಯ ಹೋಲ್ಡರಿಗೇ ಸಿಗುತ್ತದೆ. ಕತ್ತಲಲ್ಲಿ ಸ್ವಿಚ್ಚು ತಡಕಾಡುವುದು ತಪ್ಪಿತು. ಬೆಕ್ಕು ಹೋದರೂ ಹೊತ್ತಿಕೊಳ್ಳುತ್ತದೆ, ಅದೊಂದು ರಗಳೆ. ಇನ್ನೊಂದು, ಕರೆಂಟು ಹೋದಾಗ ತನ್ನೊಳಗಿನ ಬ್ಯಾಟರಿಯಿಂದ ಉರಿಯುವ ಬಲ್ಬು, ಆ ಮೆಟ್ಟಿಲಿನ ನೇರಕ್ಕೆ. ಎಲ್ಲೂರಿನ 1200 ಮೆಗಾವಾಟಿನ ವಿದ್ಯುತ್ ಸ್ಥಾವರದ ಚಿಮಣಿ ಈ ಊರಿಗೆ ನೆರೆಮನೆಯ ಹಾಗೆ, ಆದರೂ ಆಷಾಢದ ಗಾಳಿಗೆ ತಂತಿಯ ಮೇಲೆ ತೆಂಗಿನ ಮಡಲು ಬಿದ್ದರೆ ಯಾರು ಏನು ಮಾಡಿಯಾರು?

ಸಂಜೆ ಅತ್ತಿಗೆಯೂ ನಾನೂ ಕೋಡಿಯವರೆಗೆ ನಡೆದೆವು. ಕತ್ತಲಾದ ಮೇಲೆ ದೂರದಲ್ಲಿ ದೋಣಿಗಳ ದೀಪ ಒಂದೊಂದೇ. ಪ್ರಖರ ದೀಪ ಹಾಕಿ ಮೀನನ್ನು ಸೆಳೆದು ಬಾಚುವುದನ್ನು 2017ರಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿತು. ಮರಿಮೀನೂ ಉಳಿಯುವುದಿಲ್ಲವೆಂದು ಸಣ್ಣ ದೋಣಿಯವರ ದೂರು, ಈ ಕರಾವಳಿಯಲ್ಲಿ ಅದರ ಜಗಳ ಇನ್ನೂ ಮುಗಿದಿಲ್ಲ. ಬಡಗಣಕ್ಕೆ ಕಾಪುವಿನ ದೀಪಸ್ತಂಭ. 1901ರದ್ದು. ಅಂಥ ದೀಪಸ್ತಂಭಗಳು ಮೊದಲು ಉರಿದದ್ದು ಸೀಮೆಎಣ್ಣೆಯಲ್ಲಿ. ಅಷ್ಟು ಚಿಕ್ಕ ಉರಿಯನ್ನು ಸುತ್ತಲಿನ ಗಾಜಿನ ಪಟ್ಟಕಗಳು ಕೂಡಿಸಿ ಮೈಲುಗಟ್ಟಲೆ ಎಸೆಯುತ್ತಿದ್ದವು. “ಅದಕ್ಕೇ ಮತ್ತೆ ನಾನು ಆ ಕನ್ನಡಿ ಹಾಕಿದ್ದು” ಎಂದರು ಅತ್ತಿಗೆ. ನಡುಕೋಣೆಯ ಕಿಟಕಿಯ ಎದುರು ಗೋಡೆಗೆ, ಹಳೆ ಬೀರುವಿನ ಬಾಗಿಲಿನ ಕನ್ನಡಿ ಬಿಚ್ಚಿ ತೂಗು ಹಾಕಿದ್ದನ್ನು ನಾನು ಅಲಂಕಾರಕ್ಕೆಂದು ತಿಳಿದಿದ್ದೆ. ಕಿಟಕಿಯಿಂದ ಬಂದ ಬೆಳಕನ್ನು ಅದು ಒಳಕೋಣೆಗೆ ದಾಟಿಸುತ್ತದೆ.

ಖರ್ಚು ಕೇಳಿಯೇ ಕೇಳುತ್ತೀರಿ. ಶಾಕ್ ತಡೆಯುವ ಸ್ವಿಚ್ಚಿಗೆ 1,900. ಎಲೆಕ್ಟ್ರಿಷಿಯನ್ ಮತ್ತು ಸಹಾಯಕನಿಗೆ ಒಂದು ದಿನದ ಸಂಬಳ 1,500. ವೈರು, ಸ್ವಿಚ್ಚು, ಹೋಲ್ಡರು 900. ಗಾಜಿನ ಹೆಂಚು ಮೂರಕ್ಕೆ 660. ಸಾಮಾನ್ಯ ಬಲ್ಬು ಆರಕ್ಕೆ 540. ಅಡುಗೆ ಮನೆಯ ಎಲ್‌ಇಡಿ ಪಟ್ಟಿ 250. ತಾನೇ ಹೊತ್ತುವ ಬಲ್ಬು 250, ಬ್ಯಾಟರಿಯದ್ದು 350. ಸುಣ್ಣ ಮತ್ತು ಬಿಳಿ ಪೇಂಟಿಗೆ 300. ಒಟ್ಟು 6,650 ರೂಪಾಯಿ. ಗೆರಸೆ, ಬುಟ್ಟಿ, ಗೆರಟೆ, ಸೀರೆ, ಕನ್ನಡಿ, ಬಿಂಬುಳಿ ಮನೆಯದ್ದೇ. ಬೆಲೆ ಊರಿಂದೂರಿಗೆ ಹೆಚ್ಚು ಕಡಿಮೆ ಇರುತ್ತದೆ. ದುಡ್ಡು ಇನ್ನೂ ಕಡಿಮೆ ಇದ್ದರೆ ಬಲ್ಬುಗಳನ್ನು ಮುಂದಕ್ಕೆ ಹಾಕಿ, ಆ ಸ್ವಿಚ್ಚನ್ನು ಬಿಡಬೇಡಿ. ಅತ್ತೆಯ ಬಲಗಣ್ಣಿನ ಪೊರೆ ತೆಗೆಸಿದ್ದೂ ಈ ನಡುವೆಯೇ. ದೀಪ ಎಷ್ಟು ಹಾಕಿದರೂ ಕಣ್ಣಿನ ಡಾಕ್ಟರಿಗೆ ತೋರಿಸುವುದು ತೋರಿಸಲೇಬೇಕಲ್ಲ.

ಭಾವ ಮೇ ತಿಂಗಳಲ್ಲಿ ಬಂದರು. ಬಂದ ದಿನ ರಾತ್ರಿ ಹತ್ತು ಗಂಟೆಗೆ ಜಗಲಿಯ ಬುಟ್ಟಿದೀಪದ ಕೆಳಗೆ ಅಮ್ಮ ಕನ್ನಡಕ ಹಾಕಿಕೊಂಡು ಪೇಪರು ಓದುವುದನ್ನು ನೋಡಿ ಏನೂ ಹೇಳಲಿಲ್ಲವಂತೆ. ಮೂರನೆಯ ದಿನ ತಾನೇ ಮೆಟ್ಟಿಲಿನ ಬಿಳಿ ಗೆರೆಯ ಮೇಲೆ ಕಾಲಿಡದೆ ದಾಟಿ, ಅಡುಗೆ ಮನೆಗೆ ಬಂದು ಚಹಾ ಕೇಳಿದರಂತೆ. ಮೂಲ್ಕಿ ಸ್ಟೇಷನ್ನಿನಿಂದ ಮತ್ಸ್ಯಗಂಧಕ್ಕೆ ಎರಡು ಟಿಕೆಟು ಮಾಡಿಸಿಕೊಂಡು ಬಂದಿದ್ದರು. ಹೊರಡುವ ಹಿಂದಿನ ದಿನ ಒಂದನ್ನು ರದ್ದು ಮಾಡಿಸಿದರು. “ದೀಪಾವಳಿಗೆ ಬರುತ್ತೇನೆ, ಆಗ ನೋಡುವ” ಎಂದು ಹೇಳಿ ಹೋಗಿದ್ದಾರೆ.

ದೀಪಾವಳಿಯೊಳಗೆ ಬಾವಿಕಟ್ಟೆಗೊಂದು ದೀಪ ಆಗಬೇಕು ಎಂದು ಅತ್ತಿಗೆಯ ಹೊಸ ಪಟ್ಟಿ. ಮಳೆಗೆ ನೆನೆಯದ ಹೋಲ್ಡರು ಬೇಕು, ಮೂಲ್ಕಿಯಲ್ಲಿ ದರ ಕೇಳಿ ಬಂದಿದ್ದಾರೆ. ಅಷ್ಟರಲ್ಲಿ ಮಲ್ಲಿಗೆಯ ದರ ಏರಿದರೆ ಸರಿ.